ಮುಕ್ಕು ಗಡಿಗೆಯ ಗಂಜಿ

ಒಂದು ಹೆಸರು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಗೆ ಬೆಂಕಿ ಬೀಳುವುದು, ಅದೂ ಮೂವತ್ತೇಳು ವರ್ಷ ಬಿಡದೆ ಬೀಳುವುದು ಅಂದರೆ ಹುಡುಗಾಟವಲ್ಲ. ಚಿಂತಲಂಕದ ನಾಂಚಾರಮ್ಮ ಅದನ್ನು ಸಾಧಿಸಿದ್ದಳು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಐದನೆಯ ದಿನ ಹೆಗಲ ಮೇಲೆ ಕೂಲಿ ಸಂಘದವರು ಹೊದಿಸಿದ ಕೆಂಪು ಶಾಲು, ಮುಂದುಗಡೆ ಒಂದೇ ಒಂದು ಕುರ್ಚಿ, ಆ ಕುರ್ಚಿಯಲ್ಲಿ ಅವಳು, ಊರೆಲ್ಲ ಹಿಂದೆ ಚಾಪೆಯ ಮೇಲೆ. ಅಷ್ಟು ಮರ್ಯಾದೆ ಆ ಊರಲ್ಲಿ ಇನ್ನಾರಿಗಿತ್ತು ಹೇಳಿ? ಆದರೂ ತಂಬೂರಿ ಮೀಟಿ ಕಥೆ ಹಾಡುವ ಬುರ್ರಕಥೆಯವರು ಆ ಒಂದು ಸಾಲಿಗೆ ಬಂದರೋ ಇಲ್ಲವೋ, ಶಾಲಿನೊಳಗೆ ಅವಳ ಮೈ ಕುದಿಯಲು ಶುರುವಾಗುತ್ತಿತ್ತು.

ಆ ದಿನಕ್ಕೆ ಊರಲ್ಲಿ ಕೊಳಗ ಒಡೆದ ದಿನವೆಂದೇ ಹೆಸರು. ಜಮೀನ್ದಾರನ ಮನೆಯಲ್ಲಿ ಎರಡು ಕೊಳಗಗಳಿದ್ದವು. ಗೇಣಿ ಅಳೆದುಕೊಳ್ಳಲು ಒಂದು, ಕೂಲಿ ಅಳೆದುಕೊಡಲು ಇನ್ನೊಂದು. ಎರಡನೆಯದರ ತಳಕ್ಕೆ ನಾಲ್ಕು ಬೆರಳು ದಪ್ಪದ ಹಲಗೆ ಬಡಿದಿದ್ದರು. ಅಪ್ಪ, ತಾತನ ಕಾಲದಿಂದ ಆ ಹಲಗೆಯ ಮೇಲೆ ಅಳೆದ ಭತ್ತವನ್ನೇ ಸೆರಗಿಗೆ ಹಾಕಿಸಿಕೊಂಡು ಬಂದಿದ್ದ ಕೂಲಿಯವರು ಆ ವರ್ಷ ಕಣದಲ್ಲಿ ಎದ್ದು ನಿಂತರು. ನಾಂಚಾರಮ್ಮನ ಗಂಡ ಪೋಲಯ್ಯ ಒನಕೆ ಎತ್ತಿ ಎಲ್ಲರೆದುರು ಆ ಕೊಳಗವನ್ನು ಒಡೆದು ಹಾಕಿದ. ಆಮೇಲೆ ರಾಶಿಯಿಂದ ಒಂದು ಕಾಳೂ ಕದಲದ ಹಾಗೆ ಮೂರು ದಿನ ಎಲ್ಲರೂ ಕಣದಲ್ಲೇ ಕೂತರು. ಮೂರನೆಯ ದಿನ ಬೆಳಿಗ್ಗೆ ಪೊಲೀಸರು ಸುತ್ತುಗಟ್ಟಿದರು, ಹೊತ್ತು ಇಳಿಯುವಾಗ ಗುಂಡು ಹಾರಿಸಿದರು. ಪೋಲಯ್ಯನೂ ಇನ್ನೂ ಮದುವೆಯಾಗದ ಇಬ್ಬರು ಹುಡುಗರೂ ರಾಶಿಯ ಮೇಲೆಯೇ ಬಿದ್ದರು.

ಒಡೆದ ಕೊಳಗದಲ್ಲಿ ಉಳಿದದ್ದು ಅದರ ಬಾಯಿಗೆ ಹಾಕಿದ್ದ ಕಬ್ಬಿಣದ ಬಳೆ ಒಂದೇ. ಅದು ನಾಂಚಾರಮ್ಮನ ಮನೆಯ ಗೂಟದಲ್ಲಿ ತೂಗುತ್ತಿತ್ತು. ವರ್ಷಕ್ಕೊಮ್ಮೆ ಅವಳು ಅದನ್ನು ತಂದು ವೇದಿಕೆಯ ಮೇಲಿಟ್ಟ ಮೇಲೆಯೇ ಕಥೆ ಶುರು. ಅದಿಲ್ಲದೆ ತಂಬೂರಿ ಮೀಟುವ ಹಾಗಿಲ್ಲ, ಅದು ಊರೇ ಮಾಡಿಕೊಂಡ ಕಟ್ಟಳೆ.

ಕಥೆ ಕಟ್ಟಿದವನು ಮುದುಕ ವೀರಾಸ್ವಾಮಿ. ಗುಂಡು ಹಾರಿದ ವಾರಕ್ಕೆಲ್ಲ ಕೇರಿಗೆ ಬಂದು, ಮನೆಮನೆಯ ಮುಂದೆ ಕೂತು, ಯಾರು ಏನು ಕಂಡರೆಂದು ಕೇಳಿ ಕೇಳಿ ಕಟ್ಟಿದ. ಈಗ ಅವನ ಮಗ ರತ್ತಯ್ಯ ಹಾಡುತ್ತಾನೆ. ತಂಬೂರಿ ಹೆಗಲಿಗೇರಿಸಿ, ಹೆಬ್ಬೆರಳಿನ ಉಂಗುರ ಝಣ್ ಎನ್ನಿಸುತ್ತ ಅವನು ಆ ಜಾಗಕ್ಕೆ ಬರುತ್ತಾನೆ:

“ಮುಕ್ಕು ಗಡಿಗೆಯ ಹೊತ್ತು, ಕಾಲುವೆ ನೀರಿಗಿಳಿದು, ತುಪಾಕಿ ಸಾಲನು ದಾಟಿ ಬಂದಳವಳು, ತಂದಾನ ತಾನ!”

ಪಕ್ಕದಲ್ಲಿ ಡಕ್ಕಿ ಬಾರಿಸುವ ಹಾಸ್ಯದ ಬುಲ್ಲೆಬ್ಬಾಯಿ ಕತ್ತು ಚಾಚಿ ಕೇಳುತ್ತಾನೆ, “ಯಾರಪ್ಪಾ ಬಂದೋಳು? ಗಂಜಿ ತಂದೋಳು?”

ರತ್ತಯ್ಯ ಬಾಯಿ ತೆರೆಯುವ ಮೊದಲೇ ಚಾಪೆಯ ಮೇಲಿನ ಹೆಂಗಸರೆಲ್ಲ ಒಂದೇ ಕೊರಳಲ್ಲಿ ಕೂಗುತ್ತಾರೆ, “ಆದೆಮ್ಮ! ನಮ್ಮ ಆದೆಮ್ಮ!”

ಅಗೋ, ಅದೇ ಹೆಸರು.

ಆದೆಮ್ಮ ಬೇರೆ ಯಾರೂ ಅಲ್ಲ, ಪೋಲಯ್ಯನ ಸೋದರಮಾವನ ಮಗಳು. ತೊಟ್ಟಿಲಲ್ಲಿದ್ದಾಗಲೇ ಇವನಿಗೆಂದು ಹೇಳಿಟ್ಟಿದ್ದ ಹೆಣ್ಣು. ಪೋಲಯ್ಯ ಒಂದು ವರ್ಷ ಹೊಳೆಯಾಚೆ ನಾಟಿಗೆ ಹೋದವನು ನಾಂಚಾರಮ್ಮನನ್ನು ಕಂಡು, ಕಟ್ಟಿಕೊಂಡರೆ ಇವಳನ್ನೇ ಎಂದು ಹಟ ಹಿಡಿದು ಕಟ್ಟಿಕೊಂಡ. ಗೆದ್ದವಳು ನಾಂಚಾರಮ್ಮ. ಆದರೆ ಗೆದ್ದವಳಿಗೇ ನಿದ್ದೆಯಿಲ್ಲ. ಆದೆಮ್ಮ ಎದುರು ಸಾಲಿನಲ್ಲಿ ಪೈರು ನೆಟ್ಟರೆ ಅನುಮಾನ, ಬಾವಾ ಎಂದು ಕೂಗಿದರೆ ಅನುಮಾನ, ಕೂಗದೆ ಸುಮ್ಮನೆ ಹೋದರೆ ಇನ್ನೂ ದೊಡ್ಡ ಅನುಮಾನ. ಆಮೇಲೆ ಆದೆಮ್ಮನಿಗೂ ಮದುವೆಯಾಯಿತು, ಗಂಡ ಸತ್ತ, ಈಗ ಕೇರಿಯ ಕೊನೆಯ ಗುಡಿಸಲಲ್ಲಿ ಒಬ್ಬಳೇ. ಇಬ್ಬರಿಗೂ ಅರವತ್ತರ ಹತ್ತಿರ. ಇಬ್ಬರೂ ಇವತ್ತಿಗೂ ಕೂಲಿಗೆ ಹೋಗುತ್ತಾರೆ, ಒಂದೇ ದಾರಿಯಲ್ಲಿ ಹೋಗುವುದಿಲ್ಲ.

ಹಾಗಾದರೆ ಹೆಂಡತಿಯಾದವಳು ಯಾಕೆ ಗಂಜಿ ಒಯ್ಯಲಿಲ್ಲ? ಜ್ವರ ಬಂದಿತ್ತೆಂದು ಊರು ನಂಬಿತ್ತು. ಜ್ವರವೂ ಇಲ್ಲ, ಗಿರವೂ ಇಲ್ಲ. ಎರಡನೆಯ ದಿನ ಯಾರೋ ಪುಣ್ಯಾತ್ಗಿತ್ತಿ ಬಂದು, “ನಿನ್ನ ಗಂಡ ಆದೆಮ್ಮನ ಎಲೆಯಿಂದ ಗೋಂಗೂರ ಚಟ್ನಿ ನೆಕ್ಕಿ ನಗ್ತಾ ಇದ್ದ ಕಣೇ” ಎಂದು ಹೇಳಿ ಹೋದಳು. ಅಷ್ಟು ಸಾಕಾಯಿತು. ಮೂರನೆಯ ಬೆಳಿಗ್ಗೆ ನಾಂಚಾರಮ್ಮ ಗಂಜಿ ಕಾಯಿಸಿ, ತಾನೂ ಗೋಂಗೂರ ಸೊಪ್ಪು ಕುಟ್ಟಿ, ಗಡಿಗೆಯ ಬಾಯಿಗೆ ಎಲೆ ಮುಚ್ಚಿ ಹೊರಟವಳು ಹೊಸ್ತಿಲಲ್ಲೇ ನಿಂತಳು. ನೆನೆದಳು. ತಲೆಗೇರಿತು. ಗಡಿಗೆಯನ್ನು ಎಮ್ಮೆಯ ಕಲಗಚ್ಚಿನ ಬಾನಿಯ ಪಕ್ಕ ರಪ್ಪನೆ ಕುಕ್ಕಿ, “ಎಮ್ಮೆ ಕುಡೀಲಿ! ಅವನಿಗೆ ಉಣ್ಣಿಸೋರು ಬೇರೆ ಇದ್ದಾರೆ!” ಎಂದು ಎಲ್ಲರೂ ಕಣಕ್ಕೆ ಹೋಗಿ ಬರಿದಾಗಿದ್ದ ಕೇರಿಗೆ ಕೇಳುವ ಹಾಗೆ ಕೂಗಿ, ಒಳಗೆ ಹೋಗಿ ಮೊಲೆಗೂಸಿನ ಪಕ್ಕ ಕಂಬಳಿ ಹೊದ್ದು ಮಲಗಿಬಿಟ್ಟಳು. ಸಂಜೆ ಗುಂಡಿನ ಸದ್ದು ಕೇಳಿತು. ಪೊಲೀಸರು ಕೇರಿಗೆ ನುಗ್ಗಿ ಒಲೆ, ಗಡಿಗೆ, ಮಡಕೆ ಎಲ್ಲ ಒಡೆದರು. ಆ ಗಲಾಟೆಯಲ್ಲಿ ಒಂದು ಗಡಿಗೆ ಏನಾಯಿತೆಂದು ಯಾರು ಕೇಳುತ್ತಾರೆ?

ವೀರಾಸ್ವಾಮಿ ಕಥೆ ಕೇಳಲು ಬಂದಾಗಲೂ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಅವಳ ಮೂಗಿನ ಜಾಗದಲ್ಲಿ ಹಾಡಿನೊಳಗೆ ಆದೆಮ್ಮ ಬಂದು ಕೂತಳು.

ವರ್ಷಕ್ಕೊಮ್ಮೆಯಾದರೆ ಸಹಿಸಬಹುದಿತ್ತು. ಹೆಂಗಸರು ನಾಟಿಯಲ್ಲಿ ಅದನ್ನೇ ಹಾಡುತ್ತಿದ್ದರು, ಕೊಯ್ಲಿನಲ್ಲಿ ಅದನ್ನೇ. ಗಂಡ ಸತ್ತ ದುಃಖ ಎಷ್ಟು ವರ್ಷಕ್ಕೆ ಆರಿತೋ ನಾಂಚಾರಮ್ಮನಿಗೆ ನೆನಪಿಲ್ಲ, ಈ ಉರಿ ಮಾತ್ರ ಆರಲಿಲ್ಲ.

ಮೂವತ್ತೆಂಟನೆಯ ವರ್ಷ ಸಂಘದ ಕಾರ್ಯದರ್ಶಿ ಒಂದು ಸುದ್ದಿ ತಂದ. ರೇಡಿಯೋದವರು ಬಂದು ಕಥೆಯನ್ನು ಟೇಪಿಗೆ ಹಿಡಿದುಕೊಳ್ಳುತ್ತಾರಂತೆ. ಇನ್ನು ಮುಂದೆ ಎಂದೆಂದಿಗೂ ಇರುತ್ತದಂತೆ, ಇಡೀ ಸೀಮೆಗೆ ಕೇಳುತ್ತದಂತೆ. ಊರೆಲ್ಲ ಹಿಗ್ಗಿತು. ನಾಂಚಾರಮ್ಮ ಅವತ್ತು ಉಣ್ಣಲಿಲ್ಲ. ತಾನು ಸತ್ತ ಮೇಲೂ ಆ ಹೆಸರೇ ಉಳಿಯುತ್ತದೆ! ಮರುದಿನ ಬೆಳಗಾಗುತ್ತಲೇ ರತ್ತಯ್ಯನ ಮನೆಗೆ ಹೋದಳು. ಅವನು ಬುಲ್ಲೆಬ್ಬಾಯಿಯ ಜೊತೆ ಜಗಲಿಯಲ್ಲಿ ಕೂತು ಗೆಜ್ಜೆಯ ದಾರ ಬಿಗಿಯುತ್ತಿದ್ದ.

“ಬಾ ಅತ್ತೆ. ಏನು ಇಷ್ಟೊತ್ತಿಗೇ?”

“ಗಂಜಿ ಸಾಲಲ್ಲಿ ನನ್ನ ಹೆಸರು ಹಾಕು.”

ರತ್ತಯ್ಯ ದಾರ ಬಿಟ್ಟ. “ಅಪ್ಪ ಕಟ್ಟಿದ್ದು ಅತ್ತೆ. ನಾನು ಹೇಗೆ ಮುಟ್ಲಿ?”

“ನಿಮ್ಮಪ್ಪ ದೇವರೇನು? ಗಂಡ ನನ್ನವನು. ತಾಳಿ ಕಿತ್ತದ್ದು ನಂದು. ಹಾಡಿನಲ್ಲಿ ಅವಳು ಯಾಕೆ?”

“ಗಂಜಿ ಒಯ್ದೋಳು ಅವಳಲ್ವಾ ಅತ್ತೆ...”

“ಆರು ವರ್ಷ ದಿನಾ ಉಣ್ಣಿಸಿದೋಳು ನಾನು! ಅದಕ್ಕೆ ಹಾಡಿಲ್ಲ. ಒಂದು ದಿನ ಹೊತ್ತೋಳಿಗೆ ಹಾಡು!”

ಬುಲ್ಲೆಬ್ಬಾಯಿಗೆ ಬಾಯಿ ಸುಮ್ಮನಿರದು. “ದಿನಾ ಉಣ್ಣಿಸೋ ಹೆಂಡ್ತೀರ ಮೇಲೆಲ್ಲ ಹಾಡು ಕಟ್ಟಿದ್ರೆ ನಮ್ಮ ಗಂಟಲು ಗತಿ ಏನತ್ತೆ? ನನ್ನ ಹೆಂಡ್ತಿ ನಾಳೆನೇ ಬಂದು ಕೂತ್ಕೋತಾಳೆ.”

“ಮುಚ್ಚೋ ಬಾಯಿ! ನಿನ್ನ ಹೆಂಡ್ತಿ ಮಾಡಿದ್ದನ್ನ ನೀನು ಉಂಡು ಜೀರ್ಣಿಸ್ಕೊಳ್ಳೋದೇ ಒಂದು ದೊಡ್ಡ ಕಥೆ” ಎಂದಳು ನಾಂಚಾರಮ್ಮ. ಆಮೇಲೆ ರತ್ತಯ್ಯನ ಕಡೆ ತಿರುಗಿದಳು. “ಕೇಳ್ಕೋ. ನನ್ನ ಹೆಸರು ಬರದಿದ್ರೆ ಬಳೆ ಗೂಟದಿಂದ ಇಳಿಯಲ್ಲ. ರೇಡಿಯೋದವರ ಮುಂದೆ ಏನು ಮೀಟ್ತೀಯೋ ಮೀಟು.”

ರತ್ತಯ್ಯ ತಲೆ ಕೆರೆದುಕೊಂಡ. ಬಳೆಯಿಲ್ಲದೆ ಕಥೆ ಹೇಳಿದರೆ ಕೇರಿಯವರು ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಾರೆಂದು ಅವನಿಗೆ ಗೊತ್ತು. ಕೊನೆಗೆ, “ಆದೆಮ್ಮನಿಗೆ ಒಂದು ಮಾತು ಹೇಳಿ ಹಾಕ್ತೀನಿ” ಎಂದ.

“ಹೇಳು. ಬರಲಿ ಜಗಳಕ್ಕೆ” ಎಂದು ನಾಂಚಾರಮ್ಮ ಸೆರಗು ಬಿಗಿದುಕೊಂಡೇ ಮನೆಗೆ ಬಂದಳು.

ಅವಳು ಜಗಳಕ್ಕೆ ತಯಾರಾಗಿದ್ದಳು. ಏನೇನು ಅನ್ನಬೇಕೆಂದು ಮೂವತ್ತೇಳು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದಳು. ಆದೆಮ್ಮ ಮಾರನೆಯ ದಿನ ಬಂದಳು, ಬೇಲಿಯಾಚೆಯೇ ನಿಂತಳು.

“ರತ್ತಯ್ಯ ಹೇಳ್ದ ಅಕ್ಕಾ. ನಿನ್ನ ಹೆಸರೇ ಇರ್ಲಿ. ನಂದೇನೂ ಇಲ್ಲ.”

ಅಷ್ಟೇ. ತಿರುಗಿ ಹೋದಳು. ನಾಂಚಾರಮ್ಮನ ಬಾಯಲ್ಲಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಏನು ಕೊಬ್ಬು ನೋಡಿ! ಬೇಡ ಅನ್ನಬೇಕಿತ್ತು, ಅಳಬೇಕಿತ್ತು, ಎದೆ ಬಡಿದುಕೊಳ್ಳಬೇಕಿತ್ತು. ಹಳೇ ಸೀರೆ ಕೊಡುವ ಹಾಗೆ ಕೊಟ್ಟು ಹೋದಳಲ್ಲ! ಬಿಟ್ಟುಕೊಟ್ಟ ದೊಡ್ಡತನವೂ ಈಗ ಅವಳದೇ ಆಯಿತು. ನಾಂಚಾರಮ್ಮನಿಗೆ ಬೇಕಾದದ್ದು ಸಿಕ್ಕಿತ್ತು, ಹೊಟ್ಟೆಯ ಉರಿ ಮೊದಲಿಗಿಂತ ಹೆಚ್ಚಾಗಿತ್ತು.

ಕಥೆಯ ದಿನ ಬಂತು. ಕತ್ತಲಾದರೆ ಜೀರುಂಡೆಯ ಸದ್ದು ಟೇಪಿಗೆ ಸೇರಿಕೊಳ್ಳುತ್ತದೆಂದು ರೇಡಿಯೋದ ಸಾಹೇಬರು ಬಿಸಿಲಿರುವಾಗಲೇ ಶುರುಮಾಡಿಸಿದರು. ಸತ್ತ ಮೂವರ ನೆನಪಿಗೆ ಸಂಘ ಕಟ್ಟಿಸಿದ ಕೆಂಪು ಸ್ತೂಪದ ಮುಂದೆ ವೇದಿಕೆ. ನಾಂಚಾರಮ್ಮ ಬಳೆಯನ್ನು ತಂದಿಟ್ಟು ಕುರ್ಚಿಯಲ್ಲಿ ಕೂತಳು. ಆದೆಮ್ಮ ಎಂದಿನಂತೆ ಹಿಂದೆ, ಹೆಂಗಸರ ನಡುವೆ.

ರತ್ತಯ್ಯ ಚೆನ್ನಾಗಿ ಹಾಡಿದ. ಎರಡು ಕೊಳಗದ ಜಾಗದಲ್ಲಿ ಬುಲ್ಲೆಬ್ಬಾಯಿ ಜಮೀನ್ದಾರನ ಗುಮಾಸ್ತನಂತೆ ಹೊಟ್ಟೆ ಮುಂದೆ ಮಾಡಿ ನಡೆದು ಎಲ್ಲರನ್ನೂ ನಗಿಸಿದ. ಕೊಳಗ ಒಡೆಯುವಾಗ ಬಳೆಗೆ ಡಕ್ಕಿಯ ಕೋಲಿನಿಂದ ಬಡಿದ ಸದ್ದಿಗೆ ಗಂಡಸರು ಚಪ್ಪಾಳೆ ತಟ್ಟಿದರು. ಆಮೇಲೆ ಆ ಸಾಲು ಬಂತು. ನಾಂಚಾರಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು.

“ಯಾರಪ್ಪಾ ಬಂದೋಳು? ಗಂಜಿ ತಂದೋಳು?”

“ನಾಂಚಾರಮ್ಮ...” ಎಂದು ರತ್ತಯ್ಯ ಎತ್ತಿದ್ದನೋ ಇಲ್ಲವೋ, ಚಾಪೆಯ ಮೇಲಿನ ನೂರು ಕೊರಳು ಅವನನ್ನು ಮುಳುಗಿಸಿಬಿಟ್ಟವು. “ಆದೆಮ್ಮ! ನಮ್ಮ ಆದೆಮ್ಮ!”

ಬೇಕೆಂದು ಕೂಗಿದ್ದಲ್ಲ. ರೂಢಿ. ಆದರೆ ಕೂಗಿದ ಮೇಲೆ ರತ್ತಯ್ಯ ಹಾಡಿದ್ದೇನೆಂದು ಕೇಳಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇಡಿಯೋದ ಸಾಹೇಬರು ಕೈ ಎತ್ತಿ ಯಂತ್ರ ನಿಲ್ಲಿಸಿದರು. “ಹೆಸರು ಒಂದೇ ಇರಲಿ. ಯಾವುದು ಸರಿ? ಇನ್ನೊಂದು ಸಲ ಹೇಳಿ.”

ಬುಲ್ಲೆಬ್ಬಾಯಿ ತೇಲಿಸಲು ನೋಡಿದ. “ಸಾಹೇಬರೇ, ನಮ್ಮ ಪೋಲಯ್ಯನಿಗೆ ಹಸಿವು ಜಾಸ್ತಿ. ಎರಡು ಗಡಿಗೆ ಬಂದಿರಬೇಕು.” ಯಾರೂ ನಗಲಿಲ್ಲ.

ಹಿಂದಿನಿಂದ ಮುದುಕಿ ಅಂಕಮ್ಮ ಎದ್ದಳು. “ಸತ್ತೋರ ದಿನ ಸುಳ್ಳು ಹಾಡಬೇಡ ರತ್ತಯ್ಯಾ! ಆವತ್ತು ಕಾಲುವೆ ದಂಡೇಲಿ ನಾನೂ ಇದ್ದೆ. ನೀರಿಗೆ ಇಳಿದೋಳು ಆದೆಮ್ಮ. ಇವಳು ಕಂಬಳಿ ಹೊದ್ದು ಮಲಗಿದ್ಲು. ಕುರ್ಚಿ ಕೊಟ್ಟಿದ್ದು ಸಾಲ್ದಾ ಇವಳಿಗೆ?”

ನಾಂಚಾರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಶಾಲು ಜಾರಿತು, ಎತ್ತಿಕೊಳ್ಳಲಿಲ್ಲ. ಊರಿನ ಕಣ್ಣೆಲ್ಲ ಅವಳ ಬೆನ್ನ ಮೇಲಿತ್ತು. ಅಷ್ಟರಲ್ಲಿ ಹಿಂದೆ ಇನ್ನೊಂದು ದನಿ ಕೇಳಿತು, ಅವಳು ಬಲ್ಲ ದನಿ.

“ಅಂಕಮ್ಮತ್ತೆ, ಕೂತ್ಕೋ. ರತ್ತಯ್ಯ ಹಾಡಿದ್ದು ಸುಳ್ಳಲ್ಲ.” ಆದೆಮ್ಮ ಎದ್ದು ನಿಂತಿದ್ದಳು. “ನೀರಿಗೆ ಇಳಿದೋಳು ನಾನು, ಸರಿ. ಗಂಜಿ ನಂದಲ್ಲ. ಅಕ್ಕಂದು. ಅವಳು ಕಾಯಿಸಿದ್ದು, ಅವಳು ಕುಟ್ಟಿದ ಗೋಂಗೂರ, ಅವಳ ಗಡಿಗೆ. ಅವಳ ಮನೆಯಿಂದ ತಗೊಂಡು ಹೋಗಿ ಕೊಟ್ಟೆ. ನಾನು ಹೊತ್ತದ್ದು ಅಷ್ಟೇ.”

ಬುಲ್ಲೆಬ್ಬಾಯಿ ಕಥೆಯಲ್ಲಿ ಕೇಳುವ ಧಾಟಿಯಲ್ಲೇ ಕೇಳಿದ, “ಮತ್ತೆ ಮೂವತ್ತೇಳು ವರ್ಷ ಬಾಯಲ್ಲಿ ಏನು ತುಂಬ್ಕೊಂಡಿದ್ದೆ ತಾಯೀ?”

“ಹೊಟ್ಟೆಕಿಚ್ಚು ಕಣಯ್ಯಾ, ಇನ್ನೇನು?” ಎಂದಳು ಆದೆಮ್ಮ. “ನನಗೆ ಅಂತ ಇಟ್ಟಿದ್ದ ಗಂಡು ಅವಳ ಪಾಲಾದ. ನನಗೆ ಹಾಡಿನಲ್ಲಿ ಒಂದು ಸಾಲು ಸಿಕ್ಕಿತ್ತು. ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ.”

ಯಾರೋ ಕಿಸಕ್ಕೆಂದರು, ಆಮೇಲೆ ಹೆಂಗಸರೆಲ್ಲ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ರತ್ತಯ್ಯ ಕಸುಬುದಾರ, ಕಬ್ಬಿಣ ಕಾದಾಗಲೇ ಬಡಿದ. ಸಾಹೇಬರಿಗೆ ಯಂತ್ರ ಹಾಕಿರೆಂದು ಸನ್ನೆ ಮಾಡಿ, ಉಂಗುರ ಝಣ್ ಎನ್ನಿಸಿದ:

“ಮುಕ್ಕು ಗಡಿಗೆಯ ಗಂಜಿ ನಾಂಚಾರಿ ಕಾಯಿಸಿದಳು, ತುಪಾಕಿ ಸಾಲನು ದಾಟಿ ಆದೆಮ್ಮ ಹೊತ್ತಳು, ತಂದಾನ ತಾನ!”

ಮುಕ್ಕು ಗಡಿಗೆ. ನಾಂಚಾರಮ್ಮನಿಗೆ ಆ ಎರಡು ಮಾತು ಅವತ್ತು ಮೊದಲ ಸಲ ಕೇಳಿಸಿದವು. ವರ್ಷ ವರ್ಷವೂ ಮುಂದೆ ಬರುವ ಹೆಸರಿಗೆ ಹಲ್ಲು ಕಚ್ಚಿ ಕೂರುತ್ತಿದ್ದವಳು ಹಿಂದಿನ ಮಾತಿಗೆ ಕಿವಿಗೊಟ್ಟದ್ದೇ ಇಲ್ಲ. ಅವಳ ಗಡಿಗೆ ಮುಕ್ಕಾಗಿರಲಿಲ್ಲ. ಸಂತೆಯಿಂದ ತಂದು ತಿಂಗಳೂ ಆಗಿರಲಿಲ್ಲ. ಬಾನಿಯ ಪಕ್ಕ ರಪ್ಪನೆ ಕುಕ್ಕಿದಾಗ ಅದರ ಬಾಯಿಯ ಒಂದು ಚೂರು ಹಾರಿ ಅವಳ ಕಾಲ ಮೇಲೆ ಬಿದ್ದಿತ್ತು. ತನ್ನ ಸಿಟ್ಟು ಮುಕ್ಕು ಮಾಡಿದ ಗಡಿಗೆಯನ್ನು ಊರು ಇಷ್ಟು ವರ್ಷ ಹಾಡಿಕೊಂಡು ಬಂದಿತ್ತು, ಅವಳು ಎದುರಿಗೇ ಕೂತಿದ್ದಳು.

ಕಥೆ ಮುಗಿಯಿತು. ಜನ ಬಂದು ಅವಳ ಕೈ ಹಿಡಿದರು, ಅಂಕಮ್ಮ ಬಂದು ಗಲ್ಲ ಸವರಿ, “ಬಾಯಿ ತಪ್ಪಿತು ಕಣೇ” ಎಂದಳು. ನಾಂಚಾರಮ್ಮ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಬಳೆಯನ್ನು ತೋಳಿಗೆ ಏರಿಸಿಕೊಂಡು ಕಾಲುವೆಯ ದಂಡೆಯ ಮೇಲೆ ಬೇಗ ಬೇಗ ನಡೆದು, ಮುಂದೆ ಹೋಗುತ್ತಿದ್ದ ಆದೆಮ್ಮನನ್ನು ಹಿಡಿದಳು.

“ನಿಂತ್ಕೊಳ್ಳೇ. ಎಲ್ಲಿ ಸಿಕ್ತು ನಿನಗೆ ಆ ಗಡಿಗೆ?”

“ಬಾನಿ ಪಕ್ಕ.”

“ನಾನು ಕಳಿಸಿರ್ಲಿಲ್ಲ. ಎಮ್ಮೆ ಕುಡೀಲಿ ಅಂತ ಇಟ್ಟಿದ್ದೆ.”

“ಗೊತ್ತು. ಬೇಲಿ ಆಚೆ ನಿಂತಿದ್ದೆ. ಒಟ್ಟಿಗೆ ಹೋಗೋಣ ಅಂತ ಕರೆಯೋಕೆ ಬಂದಿದ್ದೆ. ನೀನು ಬೈದದ್ದೆಲ್ಲ ಕೇಳಿಸ್ತು.” ಆದೆಮ್ಮ ನೀರನ್ನೇ ನೋಡುತ್ತಿದ್ದಳು. “ನಮ್ಮನೇಲಿ ಆವತ್ತು ಅಕ್ಕಿ ನುಚ್ಚು ಏನೂ ಇರ್ಲಿಲ್ಲ ಅಕ್ಕಾ. ಎಮ್ಮೆ ಮೂತಿ ಹಾಕೋಕೆ ಮುಂಚೆ ಎತ್ಕೊಂಡೆ.”

ನಾಂಚಾರಮ್ಮ ಇನ್ನೂ ಹತ್ತಿರ ಬಂದಳು. “ಅವನಿಗೆ ಏನು ಹೇಳ್ದೆ?”

“ಏನು ಹೇಳ್ಲಿ? ನಿನ್ನ ಹೆಂಡ್ತಿ ಕಳ್ಸಿದಾಳೆ ಬಾವಾ, ಕೂಸಿಗೆ ಹಾಲು ಕೊಡ್ತಾ ಇದಾಳೆ, ಅದಕ್ಕೆ ನಾನು ತಂದೆ ಅಂದೆ.”

ಹಾಗಾದರೆ ಪೋಲಯ್ಯ ಅವಳ ಗಂಜಿ ಕುಡಿದೇ ಸತ್ತ. ಅವಳೇ ಕಳಿಸಿದಳೆಂದು ತಿಳಿದೇ ಸತ್ತ. ಅರವತ್ತರ ಹೆಂಗಸು ದಂಡೆಯ ಮೇಲೆ ಕುಸಿದು ಕೂತು, ಬಳೆಗೆ ಹಣೆ ಹಚ್ಚಿ ಅತ್ತಳು. ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಉರಿಯಿಲ್ಲದ ಅಳು. ಆದೆಮ್ಮ ಪಕ್ಕದಲ್ಲಿ ಕೂತಳು, ಮುಟ್ಟಲಿಲ್ಲ.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ನಾಂಚಾರಮ್ಮ ಕೇಳಿದಳು, “ಕುಡಿದು ಏನಂದ?”

ಆದೆಮ್ಮ ಎಲೆ ಅಡಿಕೆ ಚೀಲ ಬಿಚ್ಚಿದಳು, ಎಲೆಗೆ ಸುಣ್ಣ ಹಚ್ಚಿದಳು, ಮಡಿಸಿ ಬಾಯಿಗಿಟ್ಟಳು.

“ನಿನ್ನನ್ನೇ ಕೇಳ್ತಿರೋದು. ನನ್ನ ವಿಷಯ ಏನೋ ಅಂದಿರ್ತಾನೆ. ಏನಂದ?”

“ಅಂದ.”

“ಏನು?”

“ಅದು ಹೇಳಲ್ಲ ಅಕ್ಕಾ.”

“ಆದೀ!”

“ಗಂಡ ನಿನ್ನೋನು. ಗಂಜಿ ನಿಂದು. ಇವತ್ತು ಹೆಸರೂ ನಿಂದಾಯ್ತು. ಆ ಮಾತು ನನ್ನ ಕಿವಿಗೆ ಬಿದ್ದದ್ದು. ಅದೊಂದು ನಂದು.” ಎದ್ದಳು, ಸೀರೆಯ ಹಿಂದಿನ ಧೂಳು ಕೊಡವಿಕೊಂಡಳು, ತನ್ನ ಗುಡಿಸಲ ಕಡೆ ನಡೆದಳು.

ಶಿವರಾತ್ರಿಯ ಹಿಂದಿನ ದಿನ ಸಂಜೆ ರೇಡಿಯೋದಲ್ಲಿ ಕಥೆ ಬಂತು. ಸಂಘದ ಕಚೇರಿಯ ಮುಂದೆ ಕೇರಿಯೆಲ್ಲ ಸೇರಿತ್ತು. ನಾಂಚಾರಿ ಕಾಯಿಸಿದಳು ಎಂದು ಪೆಟ್ಟಿಗೆ ಹಾಡಿದಾಗ ಎಲ್ಲರೂ ಅವಳ ಕಡೆ ತಿರುಗಿ ನಕ್ಕರು. ಅವಳು ನೋಡುತ್ತಿದ್ದದ್ದು ಆದೆಮ್ಮನನ್ನು. ಆದೆಮ್ಮ ಬಾಗಿಲಿಗೆ ಒರಗಿ ಕೂತಿದ್ದಳು. ಗಂಜಿಯ ಸಾಲು ಬಂದಾಗ ಕಣ್ಣು ಮುಚ್ಚಿ, ಎಲೆ ಅಡಿಕೆ ತುಂಬಿದ ಬಾಯಿ ಬಿಗಿಹಿಡಿದು, ಒಳಗೊಳಗೇ ಸಣ್ಣಗೆ ನಕ್ಕಳು. ಯಾವುದೋ ಮಾತನ್ನು ಮತ್ತೆ ಕೇಳಿಸಿಕೊಂಡವಳ ನಗು ಅದು. ನಾಂಚಾರಮ್ಮನ ಹೊಟ್ಟೆಯಲ್ಲಿ ಆರಿತೆಂದುಕೊಂಡಿದ್ದ ಒಲೆ ಭಗ್ಗೆಂದು ಹೊತ್ತಿಕೊಂಡಿತು. ಆ ಬಾಯೊಳಗಿನ ಒಂದು ಮಾತಿಗೆ ಅವಳು ಕುರ್ಚಿ, ಶಾಲು, ಬಳೆ, ಹಾಡಿನ ಹೆಸರು ಎಲ್ಲ ಬಿಟ್ಟುಕೊಡುತ್ತಿದ್ದಳು.

ಜನ ಎದ್ದು ಹೊರಟಾಗ ಅವಳು ಆದೆಮ್ಮನ ಹತ್ತಿರ ಹೋಗಿ ನಿಂತಳು.

“ನಾಳಿದ್ದು ಉದ್ದು ಕೀಳೋಕೆ ಹೋಗ್ತೀಯಲ್ಲ, ಹೋಗುವಾಗ ನನ್ನನ್ನೂ ಕೂಗು.”

ಆದೆಮ್ಮ ಹುಬ್ಬು ಎತ್ತಿದಳು. “ಇಷ್ಟು ವರ್ಷ ಬೇರೆ ದಾರೀಲಿ ಹೋಗ್ತಿದ್ಯಲ್ಲ ಅಕ್ಕಾ?”

“ಇನ್ಮೇಲೆ ಇದೇ ದಾರಿ. ಪಕ್ಕದ ಸಾಲಲ್ಲೇ ಕೀಳ್ತೀನಿ. ಮಧ್ಯಾಹ್ನ ಗಂಜಿ ನಾನೇ ತರ್ತೀನಿ, ನೀನು ಏನೂ ತರಬೇಡ.” ನಾಂಚಾರಮ್ಮ ಸೆರಗು ಬಿಗಿದುಕೊಂಡಳು. “ನೀನು ಸಾಯೋದ್ರೊಳಗೆ ಅದನ್ನ ನಿನ್ನ ಬಾಯಿಂದ ಹೊರಡಿಸದಿದ್ರೆ ನಾನು ಪೋಲಯ್ಯನ ಹೆಂಡ್ತಿಯೇ ಅಲ್ಲ.”

“ಗೋಂಗೂರಕ್ಕೆ ಸ್ವಲ್ಪ ಖಾರ ಕಡಿಮೆ ಹಾಕು” ಎಂದಳು ಆದೆಮ್ಮ.